ಒಂದು ಇಂಚು ಇಪ್ಪತ್ತು ಸೆಂಟು

ನಮ್ಮ ಮನೆಯ ಅಂಗಳದ ಮೂಲೆಯಲ್ಲಿ ಒಂದು ಮಳೆಮಾಪಕ ಇದೆ. ಅಪ್ಪ ನೆಟ್ಟಿದ್ದು. ಸಕಲೇಶಪುರದ ಕಡೆ ಕಾಫಿ ತೋಟ ಇರುವವರ ಮನೆಗಳಿಗೆ ಹೋದರೆ ಇಂಥದ್ದೊಂದು ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ಮಳೆಯನ್ನು ನಾವು ಮಿಲಿಮೀಟರಿನಲ್ಲಿ ಹೇಳುವುದಿಲ್ಲ, ಇಂಚು ಸೆಂಟಿನಲ್ಲಿ ಹೇಳುತ್ತೇವೆ. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟು. "ನಿಮ್ಮಲ್ಲೆಷ್ಟಾಯ್ತು?" ಅಂತ ಪಕ್ಕದ ಊರಿಂದ ಫೋನ್ ಬರುತ್ತದೆ. "ಒಂದು ಇಂಚು ಇಪ್ಪತ್ತು ಸೆಂಟು" ಅನ್ನುತ್ತಾರೆ ಅಪ್ಪ. ಆ ಕಡೆಯವರು ತಮ್ಮದು ತೊಂಬತ್ತೇ ಸೆಂಟು ಎಂದು ನಿಟ್ಟುಸಿರು ಬಿಡುತ್ತಾರೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ ಊರಲ್ಲಿ ಇದೊಂದೇ ಮಾತು. ಹೂಮಳೆ ಹದವಾಗಿ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ, ಬಾಗಿಲು ಹಾಕಿದರೂ ಮನೆಯೊಳಗೆ ಮಲ್ಲಿಗೆಯಂಥ ವಾಸನೆ. ಅರ್ಧಂಬರ್ಧ ಬಿದ್ದರೆ ಮೊಗ್ಗು ಪೂರ್ತಿ ಬಿಚ್ಚದೆ ಕಮರಿಹೋಗುತ್ತದೆ. ಆ ವರ್ಷದ ಬೆಳೆಯ ಹಣೆಬರಹ ಆ ವಾರದಲ್ಲೇ ಅರ್ಧ ಬರೆದಾಗಿರುತ್ತದೆ.

ಅಪ್ಪ 1983ರಿಂದ ಮಳೆ ಬರೆದಿಟ್ಟಿದ್ದಾರೆ. ಉದ್ದನೆಯ ಲೆಕ್ಕದ ಪುಸ್ತಕಗಳು, ರಟ್ಟಿಗೆ ಗೆದ್ದಲು ಹಿಡಿದಿದ್ದರೂ ಒಳಗಿನ ಹಾಳೆ ಗಟ್ಟಿ. ಎಡಗಡೆ ಮಳೆ, ಬಲಗಡೆ ಚೆಕ್‌ರೋಲ್: ಯಾರು ಎಷ್ಟು ದಿನ ಕೆಲಸಕ್ಕೆ ಬಂದರು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದಾಯಿತು, ಯಾರ ಮನೆಗೆ ನಾವು ಆಳು ಕಳಿಸಿದ್ದು ಬಾಕಿ ಇದೆ. ನಾನು ಕೆಲಸ ಬಿಟ್ಟು ಬಂದ ಮೊದಲ ಮಳೆಗಾಲದಲ್ಲಿ ಕರೆಂಟ್ ಇಲ್ಲದ ರಾತ್ರಿಗಳಲ್ಲಿ ಕೂತು ಇವನ್ನೆಲ್ಲ ಓದಿದೆ. ನನ್ನ ಹದಿನಾಲ್ಕು ವರ್ಷದ ನೌಕರಿಯಲ್ಲಿ ಏನು ಕಾಣೆಯಾಗಿತ್ತು ಎಂಬುದು ನನಗೆ ಗೊತ್ತಾದದ್ದು ಆ ಹಾಳೆಗಳಲ್ಲಿ.

ಆ ನೌಕರಿಯ ಬಗ್ಗೆ ಮೊದಲು ಹೇಳಬೇಕು. ಅದು ನನ್ನನ್ನು ಸಾಕಿತು. 2007ರಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಸೇರಿದೆ, 2021ರಲ್ಲಿ ಬಿಟ್ಟೆ. ಕೆಲಸ ಕಷ್ಟ ಅನ್ನಿಸಿದ್ದಕ್ಕೆ ಬಿಟ್ಟಿದ್ದಲ್ಲ. ರಾತ್ರಿ ಹನ್ನೊಂದಕ್ಕೆ ಅಮೆರಿಕದವರ ಜೊತೆ ಮೀಟಿಂಗ್, ಹೊರವರ್ತುಲ ರಸ್ತೆಯಲ್ಲಿ ಎರಡು ಗಂಟೆಯ ಪಯಣ, ಇವೆಲ್ಲ ನನ್ನ ವಯಸ್ಸಿನ ಎಲ್ಲರೂ ಮಾಡಿದ್ದೇ. ನನ್ನ ನಂಬಿಕೆ ಮುರಿದದ್ದು ಒಂದು ಮಧ್ಯಾಹ್ನ. ಮುರಿದವಳು ನಾನೇ.

2019. ನನ್ನ ಕೈಕೆಳಗೆ ಹನ್ನೆರಡು ಜನ. ವರ್ಷಕ್ಕೊಮ್ಮೆ ಅವರನ್ನೆಲ್ಲ ಮೇಲಿನಿಂದ ಕೆಳಗೆ ಸಾಲಾಗಿ ನಿಲ್ಲಿಸಬೇಕು. ಮೇಲಿನ ಮೆಟ್ಟಿಲಿಗೆ ಇಷ್ಟೇ ಜನ, ಕೆಳಗಿನ ಮೆಟ್ಟಿಲಿಗೆ ಒಬ್ಬರಾದರೂ ಇರಲೇಬೇಕು ಎಂದು ಮೊದಲೇ ತೀರ್ಮಾನವಾಗಿರುತ್ತದೆ. ಅದಕ್ಕೆ ಬೆಲ್ ಕರ್ವ್ ಅನ್ನುತ್ತಾರೆ. ಆ ವರ್ಷ ನಮ್ಮ ತಂಡದಲ್ಲಿ ಕೆಟ್ಟದಾಗಿ ಕೆಲಸ ಮಾಡಿದವರು ಯಾರೂ ಇರಲಿಲ್ಲ. ಅದನ್ನೇ ಮೇಲಿನವರಿಗೆ ಹೇಳಿದೆ. "ಕೆಳಗೆ ಒಬ್ಬರ ಹೆಸರು ಬೇಕು, ಸಂಜೆಯೊಳಗೆ ಕೊಡಿ" ಎಂದರು. ಹೊಳೆನರಸೀಪುರದ ಕಡೆಯ ಒಬ್ಬ ಹುಡುಗ ಇದ್ದ. ಅವನ ತಂದೆಗೆ ವಾರಕ್ಕೆರಡು ಸಲ ಡಯಾಲಿಸಿಸ್. ಆ ಎರಡು ದಿನ ಸಂಜೆ ಐದು ಗಂಟೆಗೇ ಎದ್ದು ಹೋಗುತ್ತಿದ್ದ, ಉಳಿದದ್ದನ್ನು ಬೆಳಗಿನ ಜಾವ ಮುಗಿಸುತ್ತಿದ್ದ. ಅವನ ಕೆಲಸ ಒಮ್ಮೆಯೂ ಹಿಂದೆ ಬಿದ್ದಿರಲಿಲ್ಲ. ನಾನು ಅವನ ಹೆಸರು ಬರೆದೆ. ಉಳಿದವರಲ್ಲಿ ಯಾರನ್ನು ಬರೆದರೂ ಜಗಳ ಆಗುತ್ತಿತ್ತು, ಇಲ್ಲವೇ ಬಿಟ್ಟು ಹೋಗುತ್ತಿದ್ದರು. ಇವನು ಜಗಳ ಆಡುವವನಲ್ಲ ಅಂತ ನನಗೆ ಗೊತ್ತಿತ್ತು. ಕಾರಣ ಅದೊಂದೇ.

ಕರೆದು ಹೇಳಿದಾಗ ಅವನು ನನ್ನ ಮುಖ ನೋಡಿ "ಸರಿ ಮೇಡಂ" ಅಂದ. ನಾಲ್ಕು ತಿಂಗಳಿಗೆ ಅವನ ಕೆಲಸ ಹೋಯಿತು. ಅವನಿಗೆ ಆಮೇಲೆ ನಾನು ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ, ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಅಪ್ಪನ ಚೆಕ್‌ರೋಲಿನಲ್ಲಿ ಅಂಥ ಗೆರೆ ಒಂದೂ ಇಲ್ಲ. ಕೆಲಸ ಸರಿ ಮಾಡದವರಿಗೆ ಅಪ್ಪ ಬೈದದ್ದು ನನಗೆ ಚೆನ್ನಾಗಿ ನೆನಪಿದೆ, ಒಬ್ಬಿಬ್ಬರನ್ನು ಬರಬೇಡಿ ಎಂದದ್ದೂ ಉಂಟು. ಆದರೆ ಹನ್ನೆರಡು ಜನ ಸರಿಯಾಗಿ ಹಣ್ಣು ಕೊಯ್ದ ದಿನ, ಅವರಲ್ಲಿ ಒಬ್ಬರು ಕೊಯ್ಯಲಿಲ್ಲ ಅಂತ ಬರೆದದ್ದಿಲ್ಲ. ಬುಟ್ಟಿ ತೂಗಿದರು, ಬರೆದರು, ಸಂಜೆ ಓದಿ ಹೇಳಿದರು. ತೂಕದಲ್ಲಿ ತಕರಾರಿದ್ದರೆ ಅಲ್ಲೇ ಮತ್ತೆ ತೂಗಿದರು. ಅಳತೆಯನ್ನು ಅಳೆಸಿಕೊಂಡವರೂ ನೋಡಬಹುದಿತ್ತು. ನಾನು ಆರ್ಥಿಕ ಸ್ವಾವಲಂಬನೆ ಅಂತ ಯಾವುದನ್ನು ಹುಡುಕಿಕೊಂಡು ಬಂದೆನೋ ಅದರ ತಿರುಳು ಇದೇ ಅಂತ ಈಗ ಅನ್ನಿಸುತ್ತದೆ: ನನ್ನ ದುಡಿಮೆಯ ಅಳತೆ ನನ್ನ ಕಣ್ಣೆದುರು ಆಗಬೇಕು, ಮತ್ತು ನಾನು ನಂಬದ ಅಳತೆಗೋಲಿನಿಂದ ಇನ್ನೊಬ್ಬರನ್ನು ಅಳೆಯುವ ಪ್ರಸಂಗ ಮತ್ತೆ ಬರಬಾರದು.

ಆ ಮಧ್ಯಾಹ್ನದ ನಂತರ ಗೆಳತಿಯೊಬ್ಬಳು ನನ್ನನ್ನು ಚರ್ಚ್ ಸ್ಟ್ರೀಟ್‌ನ ಇಂಡಿಯನ್ ಕಾಫಿ ಹೌಸಿಗೆ ಕರೆದುಕೊಂಡು ಹೋಗಿದ್ದಳು. ಎರಡು ಗಂಟೆ ಕೂತಿದ್ದೆವು. ರುಮಾಲು ಸುತ್ತಿದವರು ಬಂದು ಕಾಫಿ ಕೊಟ್ಟರು, ಏಳಿ ಅನ್ನಲಿಲ್ಲ. ಅದರ ಕಥೆ ಅಪ್ಪ ಹೇಳಿದ್ದು ಎಷ್ಟೋ ದಿನದ ಮೇಲೆ. ಕಾಫಿ ಹೌಸುಗಳನ್ನು ಮೊದಲು ನಡೆಸುತ್ತಿದ್ದದ್ದು ಸರ್ಕಾರದ ಕಾಫಿ ಬೋರ್ಡ್. 1950ರ ದಶಕದಲ್ಲಿ ಮುಚ್ಚುವ ತೀರ್ಮಾನವಾಗಿ ಕೆಲಸಗಾರರು ಬೀದಿಗೆ ಬೀಳುವಂತಾಯಿತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಬೆನ್ನಿಗೆ ನಿಂತರು. ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು 1957ರಿಂದ ತಾವೇ ನಡೆಸತೊಡಗಿದರು. ಅಂದು ನಮಗೆ ಕಾಫಿ ತಂದುಕೊಟ್ಟವರು ಆ ಸಂಘದ ನೌಕರರು. ಒಬ್ಬರ ಕೆಲಸ ಕಿತ್ತುಕೊಂಡು ಬಂದ ನಾನು, ಕೆಲಸ ಕಳೆದುಕೊಂಡವರು ಕಟ್ಟಿದ ಮನೆಯಲ್ಲಿ ಕೂತು ಅತ್ತಿದ್ದೆ ಎಂಬುದು ತಿಳಿದಾಗ ತುಂಬ ಹೊತ್ತು ಸುಮ್ಮನಿದ್ದೆ.

2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ಇಲ್ಲಿಂದಲೇ ಕೆಲಸ ಮಾಡಿದೆ. ನೆಟ್‌ವರ್ಕ್ ಸಿಗುವುದು ಮನೆಯ ಹಿಂದಿನ ದಿಣ್ಣೆಯ ಮೇಲೆ, ಬಸರಿ ಮರದ ಬುಡದಲ್ಲಿ. ಅಲ್ಲಿ ಕೂತು ಕೆಳಗೆ ಅಪ್ಪ ಒಬ್ಬರೇ ಕಾಫಿ ಗಿಡದ ಕಂಬಚಿಗುರು, ಅಂದರೆ ಕಾಂಡದಲ್ಲಿ ಏಳುವ ಬೇಡದ ಚಿಗುರು, ಮುರಿಯುವುದನ್ನು ನೋಡುತ್ತಿದ್ದೆ. ಒಂದೂವರೆ ವರ್ಷ ನೋಡಿದೆ. ಬಿಡುತ್ತೇನೆ ಎಂದು ಹೇಳಿದಾಗ ಅಪ್ಪ ಖುಷಿಪಡಲಿಲ್ಲ.

"ಯೋಚನೆ ಮಾಡು ಕಣವ್ವ. ಈ ತೋಟ ಉಳ್ದಿರೋದೇ ನಿನ್ ಸಂಬಳದಿಂದ."

ಅದು ನಿಜ. ಹಣದ ಲೆಕ್ಕವನ್ನು ಬಚ್ಚಿಟ್ಟು ಸ್ವಾವಲಂಬನೆಯ ಬಗ್ಗೆ ಬರೆಯುವುದು ನನಗೆ ತಪ್ಪಾಗಿ ಕಾಣುತ್ತದೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಅಪ್ಪನ ಕಾಲಕ್ಕೆ ಕಾಫಿಯನ್ನು ಬೆಳೆದವರು ಮನಬಂದಂತೆ ಮಾರುವ ಹಾಗಿರಲಿಲ್ಲ. 1942ರ ಕಾಯ್ದೆಯ ಪ್ರಕಾರ ಎಲ್ಲವನ್ನೂ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಬೆಳೆ ಒಟ್ಟುಗೂಡಿಸುವ ದಾಸ್ತಾನಿಗೆ, ಕೊಡಬೇಕಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆ ಕಣದಲ್ಲಿರುತ್ತಿತ್ತು. ತೊಂಬತ್ತರ ದಶಕದಲ್ಲಿ ಆ ಕಟ್ಟು ಒಂದೊಂದಾಗಿ ಸಡಿಲವಾಗಿ, 1996ರ ಹೊತ್ತಿಗೆ ಪೂರ್ತಿ ಬೆಳೆಯನ್ನು ಬೆಳೆಗಾರರೇ ಮಾರಿಕೊಳ್ಳುವಂತಾಯಿತು. ಅದೇ ಹೊತ್ತಿಗೆ, 1994ರಲ್ಲಿ, ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿನ ಗಿಡಗಳು ಸುಟ್ಟುಹೋಗಿದ್ದವು. ಬೆಲೆ ಆಕಾಶಕ್ಕೇರಿತು. ನಮ್ಮ ಕಡೆ ಮನೆಮನೆಗೆ ಜೀಪು ಬಂತು, ಹೆಂಚಿನ ಮನೆಗಳು ತಾರಸಿಯಾದವು. ಅಪ್ಪನೂ ಸಾಲ ಮಾಡಿ ಪಕ್ಕದ ಎರಡು ಎಕರೆ ಕೊಂಡರು. ವಿಯೆಟ್ನಾಂ ರೊಬಸ್ಟಾ ಜಾತಿಯ ಕಾಫಿ ಬೆಳೆದು ಜಗತ್ತಿಗೆಲ್ಲ ಸುರಿಯತೊಡಗಿದ ಮೇಲೆ 2001-02ರಲ್ಲಿ ಬೆಲೆ ಪಾತಾಳ ಕಂಡಿತು. ಆ ವರ್ಷದ ಪುಸ್ತಕದಲ್ಲಿ ಮಳೆ ಎಂದಿನಂತೆ ಬರೆದಿದೆ, ಚೆಕ್‌ರೋಲಿನಲ್ಲಿ ಬರೀ ಮೂರು ಹೆಸರು. ಉಳಿದ ಕೆಲಸವೆಲ್ಲ ಅಪ್ಪ ಅವ್ವನೇ ಮಾಡಿದ್ದು. "ಕಾಫಿ ನಂಬ್ಕೋಬೇಡ, ಓದು" ಅಂತ ಅಪ್ಪ ನನ್ನನ್ನು ಇಂಜಿನಿಯರಿಂಗಿಗೆ ಕಳಿಸಿದ್ದು 2003ರಲ್ಲಿ. ನನ್ನ ಮೊದಲ ನಾಲ್ಕು ವರ್ಷದ ಸಂಬಳದಲ್ಲಿ ಅರ್ಧ ಆ ಎರಡು ಎಕರೆಯ ಸಾಲಕ್ಕೆ ಹೋಯಿತು.

ಈಗ ಒಟ್ಟು ಐದು ಎಕರೆ. ಮೂರೂವರೆಯಲ್ಲಿ ರೊಬಸ್ಟಾ, ಒಂದೂವರೆಯಲ್ಲಿ ಅರೇಬಿಕಾ, ಮರಗಳ ಮೇಲೆ ಮೆಣಸು. ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಒಳ್ಳೆಯ ವರ್ಷದಲ್ಲಿ ಐವತ್ತು ಮೂಟೆ ಆಗುತ್ತದೆ, ಮೂಟೆಗೆ ಐವತ್ತು ಕೆಜಿ. ನಾನು ಬಂದ ಆಸುಪಾಸಿನಲ್ಲಿ ಮೂಟೆಗೆ ಮೂರೂವರೆ ಸಾವಿರ ಸಿಕ್ಕರೆ ಹೆಚ್ಚು. 2024ರಲ್ಲಿ 10,000 ದಾಟಿತು. ಅದೇ ಗಿಡ, ಅದೇ ಐವತ್ತು ಮೂಟೆ. ಒಂದು ವರ್ಷ ಒಂದೂಮುಕ್ಕಾಲು ಲಕ್ಷ, ಇನ್ನೊಂದು ವರ್ಷ ಐದು ಲಕ್ಷ. ನನ್ನ ಶ್ರಮದಲ್ಲಿ ಆಗದ ಬದಲಾವಣೆ ನನ್ನ ಆದಾಯದಲ್ಲಿ ಆಯಿತು. ಬೆಲೆ ಗೊತ್ತಾಗುವುದು ರೊಬಸ್ಟಾಗೆ ಲಂಡನ್ನಿನಲ್ಲಿ, ಅರೇಬಿಕಾಗೆ ನ್ಯೂಯಾರ್ಕಿನಲ್ಲಿ. "ಒಳ್ಳೇ ಟೈಮಲ್ಲಿ ಬಂದೆ" ಅಂತ ನೆಂಟರು ಹೇಳುತ್ತಾರೆ. ಅಪ್ಪನಿಗೆ 1994 ನೆನಪಿದೆ. ಬಂದ ದುಡ್ಡಿನಲ್ಲಿ ಜಮೀನು ಕೊಳ್ಳೋಣವೇ ಎಂದು ಕೇಳಿದ್ದಕ್ಕೆ ಕೆರೆ ಹೂಳು ತೆಗೆಸು ಅಂದರು. ತೆಗೆಸಿದೆ. ಈಗ ಹೂಮಳೆ ಕೈಕೊಟ್ಟರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವಷ್ಟು ನೀರಿದೆ.

ಇನ್ನೊಂದನ್ನೂ ಹೇಳಿಬಿಡಬೇಕು. ನನ್ನ ಗಂಡ ಈಗಲೂ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ. ಮಗಳ ಫೀಸು, ಅಪ್ಪ ಅವ್ವನ ಆಸ್ಪತ್ರೆಯ ವಿಮೆ ಆ ಸಂಬಳದಿಂದಲೇ. ಐದು ಎಕರೆಯನ್ನೂ ನಾನು ದುಡಿದು ಕೊಂಡಿಲ್ಲ, ಹುಟ್ಟಿನಿಂದ ಬಂತು. ಇವೆರಡೂ ಇಲ್ಲದ ಒಬ್ಬರು ನನ್ನನ್ನು ನೋಡಿ ನಾಳೆ ರಾಜೀನಾಮೆ ಕೊಟ್ಟರೆ ನನಗೆ ಭಯವಾಗುತ್ತದೆ.

ಮೊದಲ ಕೊಯ್ಲಿನ ಬಗ್ಗೆ ಬರೆಯದೆ ಇದನ್ನು ಮುಂದುವರಿಸಲಾರೆ. 2021ರ ನವೆಂಬರ್. ಅರೇಬಿಕಾ ಹಣ್ಣಾಗಿ ನಿಂತಿತ್ತು, ಬಿಡದೆ ಮಳೆ ಹಿಡಿಯಿತು. ಹಾಸನ, ಚಿಕ್ಕಮಗಳೂರು, ಕೊಡಗು, ಎಲ್ಲ ಕಡೆ ಅದೇ ಕಥೆ. ಗಿಡದಲ್ಲಿದ್ದ ಹಣ್ಣು ಒಡೆದು ಉದುರತೊಡಗಿತು. ಕೊಯ್ದು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಿ, ಹುಳಿ ಬರಿಸಿ, ತೊಳೆದ, ಒಳಪೊರೆ ಉಳಿದ ಬೀಜವಾದ ಪಾರ್ಚ್‌ಮೆಂಟ್ ಒಣಗಿಸಲು ಬಿಸಿಲೇ ಇಲ್ಲ. ಜಗುಲಿಯಲ್ಲಿ ಹರವಿದೆವು, ಪಡಸಾಲೆಯಲ್ಲಿ ಹರವಿದೆವು, ಕೊನೆಗೆ ನಾನು ಮಲಗುವ ಕೋಣೆಯ ಮಂಚ ಎತ್ತಿಸಿ ಅಲ್ಲೂ ಹರವಿ ಫ್ಯಾನ್ ಹಾಕಿದೆವು. ಕರೆಂಟ್ ಹೋಯಿತು. ಮೂರನೇ ದಿನ ಬೂಷ್ಟಿನ ವಾಸನೆ ಬಂತು. ಕೈಯಲ್ಲಿ ತಿರುವುತ್ತಾ ತಿರುವುತ್ತಾ ನಾನು ಮಾಡಿದ್ದು ಸರಿಯೇ ಅಂತ ಆ ರಾತ್ರಿ ಎಷ್ಟು ಸಲ ಕೇಳಿಕೊಂಡೆನೋ.

ಬೆಳಿಗ್ಗೆ ಕೆಳಗಿನ ಮನೆಯ ಚಿಕ್ಕಪ್ಪ ಬಂದರು. ರಕ್ತಸಂಬಂಧವಲ್ಲ, ಊರಿನ ವರಸೆಯಲ್ಲಿ ಚಿಕ್ಕಪ್ಪ. ಅವರ ಕಾರ್ ಶೆಡ್ಡಿನಲ್ಲಿ ಜಾಗ ಇದೆ, ಒಂದು ಕಡೆ ಬೆಂಕಿಯ ಕಾವೂ ಇದೆ, ತಂದು ಹಾಕು ಅಂದರು. ಅವರ ಮನೆಯ ನಾಲ್ವರೂ ಬಂದು ಹೊತ್ತರು. ಎಷ್ಟು ಕೊಡಬೇಕು ಎಂದು ಕೇಳಿಬಿಟ್ಟೆ. ಅವರ ಮುಖ ಸಣ್ಣದಾಯಿತು. "ಏನ್ ಮಾತು ಅಂತ ಆಡ್ತೀಯ? ಮುಯ್ಯಿ ತೀರ್ಸಿದ್ರೆ ಆಯ್ತು."

ಮುಯ್ಯಿ ಅನ್ನುವ ಮಾತನ್ನು ನಾನು ಹದಿನಾಲ್ಕು ವರ್ಷದಲ್ಲಿ ಮರೆತೇ ಬಿಟ್ಟಿದ್ದೆ. ಗದ್ದೆ ನಾಟಿಗೆ ಇವತ್ತು ನಿಮ್ಮ ಮನೆಯವರು ನಮ್ಮಲ್ಲಿಗೆ, ನಾಡಿದ್ದು ನಾವು ನಿಮ್ಮಲ್ಲಿಗೆ. ದುಡ್ಡಿನ ಮಾತಿಲ್ಲ, ಆದರೆ ಲೆಕ್ಕ ಇದೆ, ಬಹಳ ಕಟ್ಟುನಿಟ್ಟಿನ ಲೆಕ್ಕ. ಅಪ್ಪನ ಪುಸ್ತಕದಲ್ಲಿ "ಮುಯ್ಯಾಳು 2 ಬಾಕಿ" ಅಂತ ಬರೆದದ್ದು ಅದೇ. ಬೆಂಗಳೂರಿನಲ್ಲಿದ್ದಾಗ ಸ್ವಾವಲಂಬನೆ ಅಂದರೆ ಯಾರ ಹಂಗೂ ಬೇಡ ಎಂದು ನಾನು ತಿಳಿದಿದ್ದೆ. ಬ್ಯಾಂಕಿನಲ್ಲಿ ಇಷ್ಟು ಹಣ ಕೂಡಿಬಿಟ್ಟರೆ ಮುಂದೆ ಯಾರನ್ನೂ ಕೇಳಬೇಕಿಲ್ಲ ಎಂಬ ಎಣಿಕೆ ನಮ್ಮಲ್ಲಿ ಬಹಳ ಜನರಿಗಿತ್ತು. ಇಲ್ಲಿ ಹಂಗಿಲ್ಲದ ಒಂದು ದಿನವೂ ಇಲ್ಲ. ಮಳೆಯ ಹಂಗು, ಆಳಿನ ಹಂಗು, ಲಂಡನ್ನಿನ ಹಂಗು, ಚಿಕ್ಕಪ್ಪನ ಶೆಡ್ಡಿನ ಹಂಗು. ಈಗ ನಾವು ನಾಲ್ಕು ಮನೆಯವರು ಸೇರಿ ಒಂದು ಪಲ್ಪರ್ ಇಟ್ಟುಕೊಂಡಿದ್ದೇವೆ. ಅದರ ಪುಸ್ತಕ ನಾನು ಬರೆಯುತ್ತೇನೆ, ನಾಲ್ಕೂ ಮನೆಯವರು ಯಾವಾಗ ಬೇಕಾದರೂ ತೆಗೆದು ನೋಡುತ್ತಾರೆ.

ಕೆಲಸದ ಸುಖವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಮುಂಗಾರಿಗೆ ಮುಂಚೆ ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಬೇರೆ ಬೇರೆ ಕದಡಿ ಆಮೇಲೆ ಸೇರಿಸುವುದು. ಸರಿಯಾಯಿತೇ ಎಂದು ತಿಳಿಯಲು ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ತೆಗೆಯಬೇಕು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು. ಹತ್ತದಿದ್ದರೆ ಹೊಡೆಯಬಹುದು. ಚಾಕು ಯಾರ ಮುಖವನ್ನೂ ನೋಡುವುದಿಲ್ಲ. ಇದನ್ನು ಹೊಡೆಯುವುದು ಮಳೆಗಾಲದಲ್ಲಿ ಎಲೆ ಕಾಯಿ ಕಪ್ಪಾಗಿ ನೇತಾಡುವ ಕೊಳೆರೋಗ ಬರದಿರಲಿ ಅಂತ. ಆ ಶಿಲೀಂಧ್ರಕ್ಕೆ ಹೆಸರಿಡುವಾಗ ವಿಜ್ಞಾನಿಗಳು ನಮ್ಮ ಕೊಳೆರೋಗ ಎಂಬ ಮಾತನ್ನೇ ತೆಗೆದುಕೊಂಡರು. ಈ ಗುಡ್ಡಗಳ ಬೆಳೆಗಾರರು ನೋಡಿ ನೋಡಿ ಇಟ್ಟ ಹೆಸರದು, ನನಗೆ ಅದರ ಬಗ್ಗೆ ಹೆಮ್ಮೆ. ಚೆರ್ರಿ ಒಣಗಿತೇ ಅಂತ ನೋಡಲು ಅಪ್ಪ ಈಗಲೂ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲುಗಿಸುತ್ತಾರೆ. ಗಲಗಲ ಅಂದರೆ ಆಯಿತು. ವ್ಯಾಪಾರಿಯ ಅಂಗಡಿಯಲ್ಲಿ ತೇವಾಂಶದ ಮೀಟರ್ ಇದೆ, ಒಂದಿಷ್ಟು ಚೆರ್ರಿಯ ಸಿಪ್ಪೆ ಬಿಡಿಸಿ ತೂಗಿ ಓಟಿ, ಅಂದರೆ ಒಂದು ಮೂಟೆಗೆ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬ ಔಟ್ ಟರ್ನ್, ಹೇಳುತ್ತಾರೆ. ನಾನು ಮನೆಯಲ್ಲೇ ತೂಗಿಕೊಂಡು ಹೋಗುತ್ತೇನೆ. ಐವತ್ತು ಕೆಜಿಗೆ ಇಪ್ಪತ್ತಾರು ಕೆಜಿ ಬೀಜ ಅಂತ ನನಗೆ ಮೊದಲೇ ಗೊತ್ತಿದ್ದರೆ ಅಲ್ಲಿ ಇಪ್ಪತ್ತನಾಲ್ಕು ಎಂದು ಒಪ್ಪಿ ಬರಬೇಕಿಲ್ಲ.

ಹಳೆಯ ಸಹೋದ್ಯೋಗಿಗಳು ಆಗಾಗ ಫೋನ್ ಮಾಡುತ್ತಾರೆ. 2024ರ ಜುಲೈನಲ್ಲಿ ಐಟಿ ನೌಕರರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಸರ್ಕಾರದ ಮುಂದಿದೆ ಎಂಬ ಸುದ್ದಿ ಬಂದಾಗ ಒಂದೇ ವಾರದಲ್ಲಿ ಐದು ಫೋನ್ ಬಂದವು. ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಸಂಘಕ್ಕೆ ಸೇರಿ ಎಂದೆ. ನಾನಿದ್ದಾಗ ಸೇರಿರಲಿಲ್ಲ, ಅದು ನನ್ನ ತಪ್ಪು. ಅವರಲ್ಲಿ ಹೆಚ್ಚಿನವರು ಕೇಳಿದ್ದು ಬೇರೆ: "ನಿಮ್ಮ ಕಡೆ ಒಂದೆರಡು ಎಕರೆ ಇದ್ರೆ ಹೇಳು." ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ಕೃಷಿಕರಲ್ಲದವರೂ, ಎಷ್ಟೇ ಆದಾಯ ಇರುವವರೂ ಕೃಷಿ ಜಮೀನು ಕೊಳ್ಳಬಹುದು. ಅವರ ದಣಿವು ನನಗೆ ಅರ್ಥವಾಗುತ್ತದೆ, ಅದು ನನ್ನದೇ ದಣಿವು. ಆದರೂ ನಾನು ಜಮೀನು ತೋರಿಸಿಲ್ಲ. ನಮ್ಮ ಪಕ್ಕದ ದಿಣ್ಣೆ ಹಾಗೆ ಮಾರಾಟವಾಗಿ, ಕಾಫಿ ಕಿತ್ತು, ಶನಿವಾರ ಭಾನುವಾರಕ್ಕೆ ದೀಪ ಉರಿಯುವ ಕಾಟೇಜುಗಳಾಗಿವೆ. ಅಲ್ಲಿ ಮುಯ್ಯಿಗೆ ಬರುವವರು ಯಾರೂ ಇಲ್ಲ. ಬನ್ನಿ, ಒಂದು ಕೊಯ್ಲು ಪೂರ್ತಿ ಇದ್ದು ನೋಡಿ, ಆಮೇಲೆ ಮಾತಾಡೋಣ ಅನ್ನುತ್ತೇನೆ. ಇಬ್ಬರು ಬಂದಿದ್ದಾರೆ. ಒಬ್ಬಳು ಈಗ ಅರಸೀಕೆರೆ ಹತ್ತಿರ ತನ್ನ ತಾಯಿಯ ತೆಂಗಿನ ತೋಟ ನೋಡಿಕೊಳ್ಳುತ್ತಾಳೆ.

ನಮ್ಮಲ್ಲಿಗೆ ಹದಿನೈದು ವರ್ಷದಿಂದ ಕೆಲಸಕ್ಕೆ ಬರುವ ಅಕ್ಕ ಒಬ್ಬರಿದ್ದಾರೆ. ನಾನು ಬಂದ ಮೊದಲ ತಿಂಗಳು ಅವರು ಕೇಳಿದ್ದರು: "ತಿಂಗ್ಳು ತಿಂಗ್ಳು ಸಂಬ್ಳ ಬರೋ ಕೆಲ್ಸನ ಬಿಟ್ಟು ಬಂದ್ರಾ?" ಅದರಲ್ಲಿ ಚುಚ್ಚುವ ದನಿ ಇರಲಿಲ್ಲ, ನಿಜವಾದ ಆಶ್ಚರ್ಯ. ಅವರಿಗೆ ಜಮೀನಿಲ್ಲ. ಮಳೆ ಬಿಡದ ಜುಲೈ ತಿಂಗಳಲ್ಲಿ ಕೆಲಸದ ದಿನಗಳು ಬೆರಳೆಣಿಕೆ. ಅವರ ಬಾಯಲ್ಲಿ ಸ್ವಂತ ಕಾಲ ಮೇಲೆ ನಿಲ್ಲುವುದು ಅಂದರೆ ಮಗನಿಗೆ ತಿಂಗಳ ಸಂಬಳದ ಕೆಲಸ ಸಿಗುವುದು. ನಾನು ಬಿಟ್ಟು ಬಂದದ್ದೇ ಅವರು ಹತ್ತಬೇಕೆಂದಿರುವ ಮೆಟ್ಟಿಲು. ಈ ಮಾತಿಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ನಮ್ಮ ಚೆಕ್‌ರೋಲಿನಲ್ಲಿ ಒಂದು ಬದಲಾವಣೆ ಮಾಡಿದ್ದೇನೆ: ಒಳ್ಳೆಯ ಬೆಲೆ ಬಂದ ವರ್ಷ ಕೊಯ್ಲಿನ ಕೊನೆಗೆ ವರ್ಷವಿಡೀ ದುಡಿದವರಿಗೆ ಮೂಟೆಯ ಲೆಕ್ಕದಲ್ಲಿ ಒಂದು ಪಾಲು. ಸಾಲದು ಅಂತ ನನಗೆ ಗೊತ್ತು.

ಅವರ ಮಗ ಹಾಸನದಲ್ಲಿ ಐಟಿಐ ಮುಗಿಸಿದ. ಈ ಜನವರಿಯಲ್ಲಿ ಬೆಂಗಳೂರಿನ ಆಚೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ಸಂಜೆ ಇಬ್ಬರೂ ಮನೆಗೆ ಬಂದರು. ನೇಮಕಾತಿ ಪತ್ರವನ್ನು ನಾನು ಪೂರ್ತಿ ಓದಿದೆ, ಅವನಿಂದಲೂ ಓದಿಸಿದೆ. ಮೂಲವೇತನ ಎಷ್ಟು, ಅದರಲ್ಲಿ 12 ಪರ್ಸೆಂಟ್ ಪಿ.ಎಫ್‌.ಗೆ ಹೋಗುತ್ತದೆ, ಅಷ್ಟೇ ಕಂಪನಿಯೂ ಹಾಕಬೇಕು, ಪಿ.ಎಫ್. ಖಾತೆಯ ಯು.ಎ.ಎನ್. ನಂಬರು ಕೇಳಿ ತೆಗೆದುಕೋ, ಮೊಬೈಲಿನಲ್ಲಿ ತಿಂಗಳು ತಿಂಗಳು ನೋಡು. ಓಟಿ ಮಾಡಿದ ಗಂಟೆಗಳನ್ನು ನೀನೇ ಒಂದು ಪುಸ್ತಕದಲ್ಲಿ ಬರೆದಿಡು. ಅವನು ಕಾಫಿಯ ಓಟಿ ಅಂದುಕೊಂಡ. ಅಲ್ಲ, ಇದು ಓವರ್‌ಟೈಮ್ ಎಂದು ಬಿಡಿಸಿ ಹೇಳಿದೆ. ಅಪ್ಪ ಒಳಗೆ ಹೋಗಿ ಹೊಸದೊಂದು ಲೆಕ್ಕದ ಪುಸ್ತಕ ತಂದುಕೊಟ್ಟರು.

ಬೆಳಿಗ್ಗೆ ಬಾಳುಪೇಟೆಯಲ್ಲಿ ಬಸ್ಸು ಹತ್ತಿಸಿದೆವು. ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನಡೀರಿ, ಕಣ ತಿರುವ್ಬೇಕು, ಬಿಸ್ಲು ಬಂತು" ಅಂದರು.